ಮಾಸ್ತಿಕಲ್ಲಿನ ಆಣೆ

ಹಳೆಯ ಶಿವಾಲಯದ ಹಿಂಭಾಗದಲ್ಲಿದ್ದ ಮಾಸ್ತಿಕಲ್ಲಿನ ಎದುರು ಮೈದುನ ಅತ್ತಿಗೆಯನ್ನು ತಂದು ನಿಲ್ಲಿಸಿದ. ಕಲ್ಲಿನಲ್ಲಿ ಬಳೆ ತೊಟ್ಟ ಒಂದು ಕೈ ಮೇಲಕ್ಕೆ ಎದ್ದಿತ್ತು.

“ನೋಡು, ನಮ್ಮ ವಂಶದ ಹೆಂಗಸು. ಗಂಡ ಯುದ್ಧದಲ್ಲಿ ಸತ್ತಾಗ ಅವನ ಚಿತೆಗೇ ಹಾರಿದವಳು. ಇವತ್ತಿಗೂ ಊರು ಕೈ ಮುಗಿಯುತ್ತೆ. ನೀನು? ಅಣ್ಣನ ವರ್ಷದ ತಿಥಿ ಮುಗಿದು ತಿಂಗಳಾಗಿಲ್ಲ, ಮುಂದಿನ ವಾರ ರಿಜಿಸ್ಟರ್ ಮದುವೆಯಂತೆ!”

“ನಿನ್ನ ಅಪ್ಪಣೆ ಕೇಳೋಕೆ ನಾನು ಬಂದಿಲ್ಲ. ಅತ್ತೆ ಕರೆದರು ಅಂತ ಬಂದೆ.”

“ಮುಚ್ಚು ಬಾಯಿ! ಈ ಮದುವೆ ಆಗಲ್ಲ ಅಂತ ಕಲ್ಲು ಮುಟ್ಟಿ ಆಣೆ ಮಾಡು.” ಅವಳ ಮಣಿಕಟ್ಟು ಹಿಡಿದು ಎಳೆದ.

“ಕೈ ಬಿಡು.”

ಅಷ್ಟು ಹೊತ್ತೂ ಅವನ ತಾಯಿ ಕಲ್ಲಿಗೆ ಎಣ್ಣೆ ಸವರುತ್ತಿದ್ದಳು.

“ಅಮ್ಮಾ, ಸುಮ್ಮನೆ ಯಾಕಿದ್ದೀಯ? ಗಂಡ ಹೋದಮೇಲೆ ಮರ್ಯಾದಸ್ಥರ ಮನೆ ಹೆಣ್ಣು ಏನು ಮಾಡಬೇಕು ಅಂತ ಹೇಳು ಇವಳಿಗೆ.”

ತಾಯಿ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು ಮಗನ ಕಡೆ ತಿರುಗಿದಳು.

“ನಿಮ್ಮಪ್ಪನ ಚಿತೆಗೆ ಬೆಂಕಿ ಇಟ್ಟ ದಿನ ನೀನು ನನ್ನ ಹೊಟ್ಟೇಲಿದ್ದೆ ಕಣೋ.”