ನಲವತ್ತೊಂದು ಸೆಂಟಿಮೀಟರ್

"ಕಂಪ್ಯೂಟರ್ ಹೇಳಿದ್ದೂ ನಲವತ್ತೊಂದು, ವಿಂಡ್ ಟನಲ್‌ನಲ್ಲಿ ಬಂದಿದ್ದೂ ನಲವತ್ತೊಂದು. ಭೇಷ್!" ಎಂದು ಮುಖ್ಯಸ್ಥೆ ಮೇಜು ಕುಟ್ಟಿದಾಗ ವಿಜ್ಞಾನಿ ಹಲ್ಲು ಕಿರಿದ. ಶಬ್ದಕ್ಕಿಂತ ಆರು ಪಟ್ಟು ವೇಗದಲ್ಲಿ ಹಾರುವ ವಾಹನದ ಮೇಲೆ ನುಣ್ಣಗೆ ಹರಿಯುವ ಗಾಳಿ, ಮೂತಿಯಿಂದ ಎಷ್ಟು ಸೆಂಟಿಮೀಟರ್ ದಾಟಿದ ಮೇಲೆ ಕದಡಿ ಅದರ ಮೈ ಸುಡತೊಡಗುತ್ತದೆ ಎಂದು ಮೊದಲೇ ಹೇಳುವುದು ಅವನ ಕೆಲಸ. ಅವನ ಕಂಪ್ಯೂಟರ್ ನಿಜಕ್ಕೂ ಹೇಳಿದ್ದು ಅರವತ್ತೆರಡು. ವಾಹನದ ಪುಟ್ಟ ಮಾಡೆಲ್ ಮೇಲೆ ಗಾಳಿ ನುಗ್ಗಿಸಿ ಪರೀಕ್ಷಿಸುವ ಆ ಟನಲ್‌ನ ಫಲಿತಾಂಶ ಕಿವಿಗೆ ಬಿದ್ದ ಮೇಲೆ, ಯಾರಿಗೂ ಗೊತ್ತಾಗದಂತೆ ಲೆಕ್ಕದೊಳಗಿನ ಒಂದು ಅಂಕಿ ತಿದ್ದಿ ಉತ್ತರವನ್ನು ನಲವತ್ತೊಂದಕ್ಕೆ ಎಳೆದು ತಂದಿದ್ದ.

ಬಾಗಿಲ ಬಳಿ ನಿಂತಿದ್ದ ಹಿರಿಯ ಮೆಕ್ಯಾನಿಕ್, ಎಲ್ಲರ ಬಾಯಲ್ಲಿ ಪಾಲಿಶ್ ತಾತ, ಗಂಟಲು ಸರಿಮಾಡಿಕೊಂಡ. "ಮೇಡಂ, ತಪ್ಪು ನಂದು. ಮಾಡೆಲ್‌ಗೆ ಪಾಲಿಶ್ ಹಾಕುವಾಗ ಮೂತಿಗೆ ಅಂಟಿಸಿದ್ದ ಟೇಪು ಕೀಳೋದು ಮರೆತುಬಿಟ್ಟಿದ್ದೆ. ಗಾಳಿ ಅದಕ್ಕೆ ಎಡವಿ ಬೇಗ ಕದಡಿದೆ. ಬೆಳಿಗ್ಗೆ ಕಿತ್ತು ಮತ್ತೆ ಓಡಿಸಿದ್ವಿ, ಅರವತ್ತೆರಡು ಬಂತು." ಅಂಗೈ ಬಿಚ್ಚಿ ತೋರಿಸಿದ. ಉಗುರಗಲದ, ಕರಕಲಾದ ಟೇಪಿನ ಚೂರು.

ಮುಖ್ಯಸ್ಥೆ ತಾತನನ್ನು ಬೈಯಲಿಲ್ಲ. ನಿಧಾನವಾಗಿ ವಿಜ್ಞಾನಿಯ ಕಡೆ ತಿರುಗಿದರು. "ಟೇಪಿನ ವಿಷಯ ನಿಮ್ಮ ಕಂಪ್ಯೂಟರಿಗೆ ಯಾರು ಹೇಳಿದ್ರು?"

ತಾತನ ಅಂಗೈ ಇನ್ನೂ ಬಿಚ್ಚಿಯೇ ಇತ್ತು. ವಿಜ್ಞಾನಿ ತನ್ನ ಕೈಗಳನ್ನು ಮೇಜಿನ ಕೆಳಕ್ಕೆ ಎಳೆದುಕೊಂಡ.