ಬಿಸಿಲಿಗಿಟ್ಟ ಹೆಸರು

“ನಾಳೆ ದಸರಾ. ಈ ಸಲಾನೂ ಬೋರ್ಡ್ ಹಾಕಲಿಲ್ಲಂದ್ರ ಅದನ್ನ ಒಲಿಗೆ ಹಾಕ್ತೀನ್ರಿ,” ಎನ್ನುತ್ತ ಬಸವೇಶ್ವರಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಹೊರಬಂದಳು.

ಗಂಡ ಕೇದಾರನಾಥ ಪೇಪರಿನಿಂದ ತಲೆ ಎತ್ತಲಿಲ್ಲ. “ವಾರ್ನಿಶ್ ಇನ್ನೂ ಪಾಸ್ ಆಗಿಲ್ಲ.”

ಮದ್ದುಗುಂಡು ತಯಾರಿಸುವ ಆರ್ಡ್‌ನನ್ಸ್ ಫ್ಯಾಕ್ಟರಿಯ ಇನ್ಸ್‌ಪೆಕ್ಟರ್ ನಿವೃತ್ತನಾಗಿದ್ದರೂ ಆತನ ‘ಪಾಸ್’, ‘ಫೇಲ್’ ನಿವೃತ್ತವಾಗಿರಲಿಲ್ಲ. ಬದನೆಕಾಯಿ ಕೂಡ ಪಾಸಾಗಿಯೇ ಮನೆಯೊಳಗೆ ಬರಬೇಕು. ನಾಗಪುರದ ರಾಮದಾಸಪೇಠಿನ ಆಸ್ಪತ್ರೆಗಳಿಗೆ ಬರುವವರಿಗೆ ಬಿಸಿ ರೊಟ್ಟಿ ಬಡಿಸಬೇಕೆಂದು ಆಕೆ ಮುಂದಿನ ಕೋಣೆಯನ್ನು ಖಾನಾವಳಿ ಮಾಡಿದ್ದಳು. ಸಾಗವಾನಿ ಹಲಗೆಯ ಮೇಲೆ ಮರಾಠಿ, ಕನ್ನಡ ಎರಡರಲ್ಲೂ ತನ್ನ ಹೆಸರನ್ನೇ ಕೆತ್ತಿಸಿದ್ದಳು. ಅಂದು ಆತ, “ದೇವರ ಹೆಸರು ಇಟ್ಟಿದ್ರ ನಡೀತಿತ್ತಲ್ಲ,” ಎಂದಿದ್ದ. ಆಮೇಲೆ ಅಕ್ಷಯ ತದಿಗೆ ಹೋಯಿತು, ಗಣಪತಿಯೂ ಬಂದು ಹೋದ; ಹಲಗೆಗೆ ಯಾವ ವಾರ್ನಿಶ್ ಬಳಿಯುವುದೆಂದು ಮಾತ್ರ ತೀರ್ಮಾನವಾಗಲಿಲ್ಲ.

ಹೆಂಡತಿಯ ಹೆಸರು ಬೀದಿಗೆ ಬರುವುದು ಆತನಿಗೆ ಬೇಡ, ವಾರ್ನಿಶ್ ಬರೀ ನೆಪ ಎಂದು ಆಕೆಗೆ ಖಾತ್ರಿಯಾಗಿತ್ತು. ಮದುವೆಯಾದಾಗಿನಿಂದ ಆಕೆಯನ್ನು ಒಮ್ಮೆಯೂ ಹೆಸರು ಹಿಡಿದು ಕರೆದವನಲ್ಲ. ಎದುರಿಗೆ ‘ಕೇಳಿಲ್ಲೆ’, ಮಂದಿಯ ಮುಂದೆ ‘ಇಕಿ’. ಆಕೆಗೆ ಅದು ನೋಯುತ್ತಿತ್ತು.

“ಬೋರ್ಡ್ ಎಲ್ಲೈತಿ?”

“ಮಾಳಿಗಿ ಮ್ಯಾಲ. ನಿನ್ನ ಮೊಣಕಾಲು ನೋಡ್ಕೋ...”

ಆಕೆಯ ಸಿಟ್ಟಿಗೆ ಹೆದರಿ ಮೊಣಕಾಲೂ ಆ ಹೊತ್ತು ಸುಮ್ಮನಿತ್ತು. ಎಷ್ಟೋ ತಿಂಗಳ ಮೇಲೆ ಮಾಳಿಗೆ ಹತ್ತಿದಳು.

ಬೋರ್ಡ್ ಪ್ಲಾಸ್ಟಿಕ್ ಹೊದ್ದು ನೀರಿನ ಟಾಕಿಗೆ ಒರಗಿತ್ತು. ಅದರ ಪಕ್ಕ, ನೇರ ಬಿಸಿಲು ಬೀಳುವ ಕಡೆ ಸಾಗವಾನಿಯ ನಾಲ್ಕು ಪಟ್ಟಿಗಳನ್ನು ತಂತಿಯಿಂದ ಬಿಗಿದಿತ್ತು. ನಾಗಪುರದ ಬೇಸಿಗೆ, ಮಳೆಗಾಲ ಎರಡನ್ನೂ ಉಂಡ ಪಟ್ಟಿಗಳು. ಒಂದರ ವಾರ್ನಿಶ್ ಹಪ್ಪಳದಂತೆ ಉಬ್ಬಿತ್ತು. ಇನ್ನೊಂದರ ಪಾಲಿಶ್ ಬೆಳ್ಳಗಾಗಿತ್ತು. ಅಗಸೆ ಎಣ್ಣೆ ಕುಡಿಸಿದ್ದು ಕಪ್ಪಿಟ್ಟಿತ್ತು. ನಾಲ್ಕನೆಯದು ಮಾತ್ರ ನಿನ್ನೆ ಬಳಿದಂತಿತ್ತು. ನಾಲ್ಕರ ಮೇಲೂ ಆತನದೇ ಸೊಟ್ಟ ಅಕ್ಷರದಲ್ಲಿ ಬರೆದದ್ದು ಒಂದೇ ಹೆಸರು. ಆಕೆಯದು.

ಏದುಸಿರು ಬಿಡುತ್ತ ಕೇದಾರನಾಥ ಹಿಂದೆ ಬಂದು ನಿಂತ. “ಮಳಿ ಪೂರಾ ಹೋಗ್ಲಿ ಅಂತ ಕಾಯ್ತಿದ್ದೆ. ಉಳದ ಮೂರರಾಗ ಹೆಸರು ಕೆಟ್ಟು ಹ್ವಾತು. ಇದು ಹೊರಗಿನ ಬಿಸಲಿಗಂತನ ಬರೋ ಪಿಯು ವಾರ್ನಿಶ್, ಸದರ್ ಬಜಾರದ ಬಣ್ಣದ ಅಂಗಡಿಯಂವ ಕೊಟ್ಟಿದ್ದು. ಒಮ್ಮೆ ಬಾಗಲ ಮ್ಯಾಲ ಹಾಕಿದ ಹೆಸರು ಮಾಸಬಾರದಲ್ಲ?”

ಆಕೆಯ ಕಣ್ಣು ತುಂಬಿ ಬಂತು. ಆದರೂ ಅಷ್ಟು ಸುಲಭಕ್ಕೆ ಬಿಡುವವಳಲ್ಲ.

“ಹಂಗಾರ ಇದು ಪಾಸ್?”

“ಪಾಸ್. ಈಗ ಬಳದ್ರ ಮುಂಜಾನಿ ಅನ್ನೂದರಾಗ ಒಣಗತೈತಿ. ಅಕ್ಷರ ಬರೋಬರ್ ಕಾಣ್ತಾವ.”

“ಓದ್ರಿ ಮತ್ತ. ಓದದೇ ಪಾಸ್ ಮಾಡೂದು ಎಂಥಾ ಇನ್ಸ್‌ಪೆಕ್ಷನ್?”

ಆತ ಪಕ್ಕದ ಮನೆಯ ಮಾಳಿಗೆಯತ್ತ ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. “ಬಸವೇಶ್ವರಿ,” ಎಂದ, ಮೆಲ್ಲಗೆ.

ಆಕೆಗೆ ಸ್ಪಷ್ಟವಾಗಿಯೇ ಕೇಳಿಸಿತ್ತು.

“ಕೇಳಸಲಿಲ್ಲರೀ,” ಎಂದಳು.