ಹೊಳೆ ದಂಡೆಯ ಹಾರ್ನು

ಘತ್ತರಗಿಯಲ್ಲಿ ಚಹಾಕ್ಕೆಂದು ನಿಂತಿದ್ದ ಬಸ್ಸು ಈಗ ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಭೀಮೆಯ ದಂಡೆಯಲ್ಲಿ ಕೂತ ವತ್ಸಲಾಬಾಯಿಯ ಕುಂಚ ಮಾತ್ರ ನಿಲ್ಲಲೊಲ್ಲದು. ಸಂಜೆಬಿಸಿಲು ಆಗಷ್ಟೇ ನೀರಿಗಿಳಿದಿತ್ತು.

ಡ್ರೈವರ್ ಚಂದಪ್ಪ ಸಿಟ್ಟಿನಿಂದ ಇಳಿದು ಬಂದ. "ಅಕ್ಕಾರ, ಹತ್ತತೀರೋ, ಬಿಟ್ಟು ಹೋಗ್ಲೋ?"

"ಎರಡೇ ನಿಮಿಷ್ರಿ ಅಣ್ಣಾ, ಬಿಸಲು ಹೋಗ್ತದ!"

ಅವನು ಬಗ್ಗಿ ಹಾಳೆ ನೋಡಿದ. ಹೊಳೆ, ಗುಡಿ, ಬೇವಿನ ಮರ. ಮುಖ ಗಂಟು ಹಾಕಿಕೊಂಡು ದಡದಡ ಹೋಗಿ ಬಸ್ಸು ಚಾಲೂ ಮಾಡಿದ.

"ಅಯ್ಯ, ನಿಂದರ್ರಿ!" ಅವಳು ಬಣ್ಣದ ಡಬ್ಬಿ ಸೆರಗಿಗೆ ಬಾಚಿಕೊಂಡು ಓಡಿದಳು. ಬಸ್ಸು ರಸ್ತೆಗೆ ಹೊರಳಲಿಲ್ಲ. ಹಿಂದಕ್ಕೆ ಸರಿದು, ಸೀದಾ ಆ ಬೇವಿನ ಮರದ ಕೆಳಗೆ ಬಂದು ನಿಂತಿತು, ಕೆಂಪಗೆ. ಚಂದಪ್ಪ ಅಂಗಿಯ ಗುಂಡಿ ಹಾಕಿಕೊಂಡು ಕಿಟಕಿಯಿಂದ ತಲೆ ಹೊರಹಾಕಿದ.

"ನಮ್ಮ ಗಾಡಿ ಬಿಟ್ಟು ಎಂಥಾ ಚಿತ್ರರಿ ಅದು? ಸಾವಕಾಶ ತೆಗೀರಿ. ಬೋರ್ಡು ಸುದ್ದಾ ಬರಬೇಕ್ ನೋಡ್ರಿ!"